ನೂರ ಎಂಬತ್ತು ಅಡಿ

ಹಗ್ಗದ ಅಳತೆ ನನಗೆ ಗೊತ್ತಿತ್ತು.
ಬೋಳಾರದ ಹಂಚಿನ ಕಾರ್ಖಾನೆಯ ಲೆಕ್ಕದವ ನಾನು;
ದಕ್ಕೆಯಲ್ಲಿ ಹಳೆ ಬೋಟಿನಿಂದ ಕೊಂಡ ನೈಲಾನು ಹಗ್ಗವನ್ನು
ಎರಡೆರಡು ಸಲ ಮೊಳ ಹಾಕಿದ್ದೆ.
ಎಷ್ಟು ಒಗೆದರೂ ಬಂಗುಡೆಯ ವಾಸನೆ ಬಿಡಲಿಲ್ಲ.
ಬಸ್ ನಿಲ್ದಾಣದವರೆಗೂ ಬೆಕ್ಕುಗಳು ನಮ್ಮ ಹಿಂದೆ ಬಂದವು.

ಬಂಡೆಯ ಅಳತೆ ಯಾರಿಗೂ ಗೊತ್ತಿರಲಿಲ್ಲ.

ಮೊಳೆಗಳು ಜೆಪ್ಪಿನ ಲಿಗೋರಿಯವು.
ಲಾರಿಯ ಮುರಿದ ಪಾಟಾ ಕಾಸಿ ಬಡಿದ ಹನ್ನೊಂದು ಮೊಳೆ,
ಒಂದೊಂದರ ತಲೆಗೂ ಉಗುರಿನಷ್ಟು ಶಿಲುಬೆ.
"ನಿನಗಲ್ಲ ಮಾರಾಯ, ಕಬ್ಬಿಣಕ್ಕೆ," ಎಂದಿದ್ದ ದೂಮಣ್ಣನಿಗೆ.

ದೂಮಣ್ಣ ಮೂರ್ತೆಯವ.
ದಿನಕ್ಕೆ ಇಪ್ಪತ್ತೆಂಟು ಮರ, ಬೆಳಗ್ಗೆ ಒಮ್ಮೆ, ಬೈಗಿಗೆ ಒಮ್ಮೆ.
ಮರಕ್ಕೆ ನಲವತ್ತು ಅಡಿ ಹಿಡಿದು ಕೂಡಿಸಿ ನೋಡಿ
ಹೇಳಿದೆ: ಹದಿಮೂರು ದಿನಕ್ಕೊಂದು ಎವರೆಸ್ಟು ಹತ್ತುತ್ತೀ ನೀನು.
ಕತ್ತಿ ಮಸೆಯುತ್ತಲೇ ಕೇಳಿದ,
"ಅದರಲ್ಲಿ ಕಳ್ಳು ಎಷ್ಟು ಬರ್ತದೆ?"

ಅಭ್ಯಾಸವೆಲ್ಲ ಕಾರ್ಖಾನೆಯ ಚಿಮಣಿಯಲ್ಲಿ,
ಭಾನುವಾರ, ಭಟ್ಟಿ ತಣಿದ ಮೇಲೆ,
ಕಾವಲಿನವನ ಕೈಗೆ ಒಂದು ಕಟ್ಟು ಬೀಡಿ.
ನೇತ್ರಾವತಿ ಕಡಲಿಗೆ ಸೇರುವುದನ್ನು
ಅಷ್ಟೆತ್ತರದಿಂದ ಕಂಡವನು ಅವನೊಬ್ಬನೇ.
ಕೆಳಗಿಳಿದು, "ಅಲ್ಲಿಂದ ನೋಡಿದ್ರೆ ಹೊಳೆಗೆ ಅವಸರವೇ ಇಲ್ಲ," ಎಂದ.

ಸೋಣ ಕಳೆದ ವಾರ, ಕಾರ್ಕಳದ ಆಚೆ, ಗಿಡುಗನ ಪಾದೆ.
ಹಿಂಬದಿಯಿಂದ ಆಡುಗಳೂ ಹತ್ತುತ್ತವೆ.
ಎದುರಿನಿಂದ, ಆ ಹುಬ್ಬನ್ನು ದಾಟಿ, ಯಾರೂ ಇಲ್ಲ.
ಹಿಂದೆ ದಾರಿ ಉಂಟಲ್ಲ ಎಂದ ದನ ಕಾಯುವ ಹುಡುಗನಿಗೆ
ಮೂವರಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಬರಿಗಾಲು. ಸೊಂಟಕ್ಕೆ ಹಗ್ಗ.
ಕಾಲಿನ ತಳೆಯನ್ನು ಹಣೆಗೊತ್ತಿಕೊಂಡು ನನ್ನ ಕೈಗಿತ್ತ:
"ಇದು ಮರಕ್ಕೆ. ಕಲ್ಲಿಗೆ ಇದರ ಭಾಷೆ ಬಾರದು."
ಕಲ್ಲನ್ನು ಬೆರಳಲ್ಲಿ ತಟ್ಟಿ ತಟ್ಟಿ ಕಿವಿಗೊಟ್ಟ,
ಹೊಂಬಾಳೆ ಬಡಿದು ಕೇಳುವ ಹಾಗೆ.
ಆಮೇಲೆ ಹೋದ.

ನನ್ನ ಕೆಲಸ ಹಗ್ಗ ಬಿಡುವುದು.
ಅಂಗೈಯಲ್ಲಿ ಅವನು ಉಸಿರಾಡುವುದು ತಿಳಿಯುತ್ತಿತ್ತು.
ನೂರು. ನೂರ ಇಪ್ಪತ್ತು.
ಹುಬ್ಬಿನಡಿಯಲ್ಲಿ ಹಲ್ಲಿಯಂತೆ ಅಂಗಾತ ತೂಗಿ,
ಎಡಗೈ, ಮೊಣಕಾಲು, ಮತ್ತೆ
ಮರೆಯಾದ.
ನೂರ ಎಪ್ಪತ್ತೈದು.
"ಮುಗಿಯಿತು!" ಕೂಗಿದೆ. ಗಾಳಿ ಕೇಳಿಸಿಕೊಂಡಿತು.
ಹಗ್ಗ ಬಿಗಿಯಿತು, ಮೂರು ಸಲ ಜಗ್ಗಿತು,

ಸತ್ತಿತು.

ಬಿದ್ದಿದ್ದರೆ ಕಾಣಬೇಕಿತ್ತು. ಬಿದ್ದಿಲ್ಲ.
ಬಿಚ್ಚಿದ್ದಾನೆ.
"ಬಿಡು, ಆ ತುದಿಯಲ್ಲಿ ಯಾರೂ ಇಲ್ಲ," ಎಂದ ಲಿಗೋರಿ,
ಹೇಳುತ್ತ ತಾನೂ ಬಂದು ಹಿಡಿದುಕೊಂಡ.
ಎಷ್ಟು ಹೊತ್ತೆಂದು ಲೆಕ್ಕದವನಾದ ನಾನು ಎಣಿಸಲಿಲ್ಲ.

ಆಮೇಲೆ ಕೇಳಿತು ಕೂಕುಳು,
ತೋಟದಿಂದ ತೋಟಕ್ಕೆ ಬೆಳಗ್ಗೆ ಹಾಕುತ್ತಾನಲ್ಲ, ಅದೇ,
ಎತ್ತರ ಮಾತ್ರ ಬೇರೆ.

ಆಡಿನ ದಾರಿಯಲ್ಲಿ ಇಳಿದು ಬಂದು ಬುತ್ತಿ ಬಿಚ್ಚಿದ.
ಮೇಲೆ ಎಂತ ಇತ್ತು?
"ಹುಬ್ಬಿನ ಮೇಲೊಂದು ಕುಳಿ. ಕುಳಿಯಲ್ಲಿ ನೀರು.
ನೀರಲ್ಲಿ ಗೊದಮೊಟ್ಟೆ." ಅನ್ನ ಕಲಸಿದ.
"ಅವು ನನಗಿಂತ ಮೊದಲು ಬಂದಿದ್ದವು."
ಸಂಜೆಯ ಮರ ತಪ್ಪೀತೆಂದು ನಾಲ್ಕರ ಬಸ್ಸಿಗೇ ಓಡಿದ.

ಅವನು ತೀರಿಕೊಂಡದ್ದು ಹಾಸಿಗೆಯಲ್ಲಿ, ನೆಲದಿಂದ ಎರಡಡಿ ಮೇಲೆ.
ಲಿಗೋರಿಯೂ ಹೋದ.

ಮೊನ್ನೆ ಮಣಿಪಾಲದ ಹುಡುಗರು ಬಂದಿದ್ದರು,
ಅಂಗೈ ತುಂಬ ಬಿಳಿ ಪುಡಿ, ಬಣ್ಣದ ಹಗ್ಗ.
ಎದುರಿನಿಂದ ಮೊದಲು ತಾವೇ ಎಂದುಕೊಂಡು ಹತ್ತಿದವರಿಗೆ
ಹುಬ್ಬಿನಡಿ ತುಕ್ಕಿನ ಮೊಳೆ ಸಿಕ್ಕಿತಂತೆ,
ತಲೆಯಲ್ಲಿ ಶಿಲುಬೆ.
ದನ ಕಾಯುತ್ತಿದ್ದ ಆ ಹುಡುಗ, ಈಗ ಮುದುಕ, ನನ್ನ ಮನೆ ತೋರಿಸಿದ್ದಾನೆ.

ಅಂದಿನ ಪುಟ ತೆಗೆದೆ.
ಹಗ್ಗ, ನೂರ ಎಂಬತ್ತು. ಬಂಡೆ, ನೂರ ಎಂಬತ್ತು, ಕೂಡು,
ಮುಂದೆ ಖಾಲಿ.
ಒಬ್ಬ ಹುಡುಗ ಫೋನು ನೋಡಿ ಆ ಉಳಿದಷ್ಟನ್ನು ಹೇಳಿದ.
ಪೆನ್ನು ಕೈಯಲ್ಲೇ ಇತ್ತು.
ಬಿಸಿಲಿಗೆ ಬಂದಿದ್ದಾರೆ, ಮಜ್ಜಿಗೆ ತರುತ್ತೇನೆಂದು
ಒಳಗೆ ಹೋದೆ.